ಹಿಂದೆ ಕೂತರೆ ಮುನಿಯುವ ಬೈಕು

ಜೂನ್ ೪, ಬುಧವಾರ

ನನ್ನ ಗ್ಯಾರೇಜಿಗೆ ಬಂದ ಆ ಟೂರಿಂಗ್ ಬೈಕು ತಲೆ ತಿಂದುಬಿಟ್ಟಿದೆ. ಕಾಲಿನಿಂದಲ್ಲ, ಹ್ಯಾಂಡಲ್ಲಿನ ಬಟನ್ನಿನಿಂದ ಗೇರ್ ಹಾಕುವ ಬೈಕದು; ಒತ್ತಿದರೆ ಗೇರ್ ಒಮ್ಮೆ ಬೀಳುತ್ತದಂತೆ, ಒಮ್ಮೆ ಇಲ್ಲವಂತೆ. ನಾನು ಓಡಿಸಿದರೆ ಮಾತ್ರ ಸಾಧುಪ್ರಾಣಿ.

"ಇವಳು ಹಿಂದೆ ಕೂತ್ರೆ ಮುನಿಸ್ಕೊಳ್ಳುತ್ತೆ. ಅದಕ್ಕೇ ನಾಳೆ ಟೂರಿಗೆ ಒಬ್ನೇ ಹೊರಟಿದ್ದೀನಿ," ಎಂದು ಗಿರಾಕಿ ನಕ್ಕ. ಜೊತೆಗೆ ಬಂದಿದ್ದ ಹೆಂಡತಿ ನಗಲಿಲ್ಲ.

ನನ್ನ ಕುತೂಹಲ ಕೆರಳಿತು. ನಾವು ಮೆಕ್ಯಾನಿಕ್‌ಗಳು ಯಾವಾಗಲೂ ಒಬ್ಬರೇ ಓಡಿಸಿ ನೋಡುತ್ತೇವಲ್ಲ!

"ಅಕ್ಕಾ, ಒಂಚೂರು ಹಿಂದೆ ಕೂತ್ಕೊಳ್ಳಿ," ಎಂದೆ. ತಿರುವು ದಾಟುವಷ್ಟರಲ್ಲಿ ಗೇರ್ ಕೈಕೊಟ್ಟಿತು. ಸೀಟು ಬಿಚ್ಚಿದರೆ, ಅದರಡಿ ಗೇರಿನ ವೈರು ನಜ್ಜುಗುಜ್ಜಾಗಿದೆ. ಹಿಂದೆ ಭಾರ ಬಿದ್ದಾಗಲೆಲ್ಲ ಕರೆಂಟು ತಪ್ಪುತ್ತಿತ್ತು.

ಹೊಸ ವೈರು ಎಳೆದೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಅಕ್ಕ, "ನಾಳೆ ಎಷ್ಟೊತ್ತಿಗೆ ಹೊರಡೋದು?" ಎಂದರು.

ಅವನ ಮುಖ ನೋಡಿದರೆ, ಬೈಕು ರಿಪೇರಿಯಾಗುವುದು ಅವನಿಗೆ ನಿಜಕ್ಕೂ ಬೇಕಿತ್ತೋ ಇಲ್ಲವೋ…