ಕದಿರೇಶನ ಗಾಡಿಗೆ ಯಾವ ಎಣ್ಣೆ

ವಕ್ಕಲೇರಿ
18 ನವೆಂಬರ್ 2024

ಪ್ರೀತಿಯ ತಮ್ಮ ಕದಿರೇಶನಿಗೆ,

ಹೇಗಿದ್ದೀಯೋ? ಕಾಲಿನ ಬೊಬ್ಬೆಗಳು ಒಣಗಿದವಾ? ಮಿಲಿಟರಿ ತರಬೇತಿಯವರು ನಿನ್ನ ಫೋನ್ ತೆಗೆದಿಟ್ಟುಕೊಂಡಿದ್ದು ಒಂದು ರೀತಿ ಒಳ್ಳೆಯದೇ, ಇಲ್ಲದಿದ್ದರೆ ಗಳಿಗೆಗೊಂದು ಸಲ ಫೋನ್ ಮಾಡಿ ನಿನ್ನ ತಲೆ ತಿನ್ನುತ್ತಿದ್ದೆ. ಅಲ್ಲಿಯ ರೊಟ್ಟಿ ಅಭ್ಯಾಸವಾಯಿತೇ ಅಂತ ಅಮ್ಮ ಕೇಳುತ್ತಾಳೆ. ಮುದ್ದೆಯಿಲ್ಲದೆ ಮಗ ಬಡವಾಗಿರುತ್ತಾನೆ ಅಂತ ಉತ್ತರವನ್ನೂ ಅವಳೇ ಹೇಳಿಕೊಳ್ಳುತ್ತಾಳೆ. ಅಪ್ಪ ಆರೋಗ್ಯವಾಗಿದ್ದಾರೆ. ಬಾಣಂತನ ಮುಗಿಸಿಕೊಂಡು ನಾನು ಮುಳಬಾಗಿಲಿಗೆ ಹೊರಡುವುದು ಸಂಕ್ರಾಂತಿ ಆದ ಮೇಲೆ. ಬುಜ್ಜಿ ಈಗ ತನ್ನ ಕೈಯನ್ನೇ ನೋಡಿಕೊಂಡು ನಗುತ್ತಾಳೆ ಕಣೋ. ರಾತ್ರಿ ಮಾತ್ರ ಮಲಗುವುದಿಲ್ಲ. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ, ಉಸಿರಾಡುತ್ತಿದ್ದಾಳಾ ಅಂತ ಎದ್ದೆದ್ದು ಮೂಗಿನ ಹತ್ತಿರ ಬೆರಳಿಡುತ್ತೇನೆ. ನಗಬೇಡ.

ಈಗ ಗಾಬರಿಯಾಗದೆ ಓದು. ಅಮ್ಮ ನಿನ್ನ ಹಳೇ ಆರ್‌ಎಕ್ಸ್ ಬೈಕನ್ನು ಮಾರಲು ಹೊರಟಿದ್ದಾಳೆ. ಬುಜ್ಜಿಗೆ ಕೆಮ್ಮು ಹಿಡಿದಿದೆ, ಅದೂ ಬೆಳಗಿನ ಹೊತ್ತು. ಅಪ್ಪ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಡುವುದೂ ಅದೇ ಹೊತ್ತಿಗೆ. ಕಿಕ್ ಹೊಡೆದರೆ ಸಾಕು, ಅಂಗಳದ ತುಂಬ ಬಿಳಿ ಹೊಗೆ. ನೀನು ಬಿದ್ದು ಮೊಣಕೈ ಮುರಿದುಕೊಂಡಾಗಿನಿಂದ ಅಮ್ಮನಿಗೆ ಆ ಗಾಡಿ ಕಂಡರಾಗದು, ಗೊತ್ತಲ್ಲ. “ನನ್ ಮಗನ ಕೈ ಮುರೀತು, ಈಗ ಮಗೀನ ಎದೆ ಮೇಲೆ ಕೂತೈತೆ,” ಅಂತ ಶುರುವಾದವಳು, ಹಳೇ ಗಾಡಿಗಳನ್ನು ಕೊಂಡು ಮಾರುವ ಮಾಲೂರಿನ ಉಮಾಶಂಕರ್ ಅವರಿಗೆ ಹೇಳಿ ಕಳಿಸಿಯೂ ಬಿಟ್ಟಳು.

ಹೊಗೆ ನೋಡಿದರೆ ನನಗೂ ಭಯವೇ. ಆದರೆ ಒಂದು ವಿಷಯ ತಲೆ ಕೊರೆಯತೊಡಗಿತು. ನೀನಿದ್ದಾಗ ಇಷ್ಟು ಹೊಗೆ ಇರಲಿಲ್ಲವಲ್ಲ, ಈಗ ಎಲ್ಲಿಂದ ಬಂತು? ಅಪ್ಪನನ್ನು ಕೇಳಿದೆ. ನೀನು ಹೋದ ಮೇಲೆ ಗಾಡಿಯ ಪಕ್ಕದಲ್ಲಿರುವ ಪುಟ್ಟ ಆಯಿಲ್ ಟ್ಯಾಂಕು ಖಾಲಿಯಾಯಿತಂತೆ. ನಿನ್ನ ಭಾವ ತಮ್ಮ ಗಾಡಿಗೆ ತಂದು ಉಳಿಸಿದ್ದ ಇಂಜಿನ್ ಆಯಿಲನ್ನೇ ಅಪ್ಪ ಅದಕ್ಕೆ ಸುರಿದಿದ್ದಾರೆ. ಅಷ್ಟು ಸಾಲದು ಅಂತ, ಹಿಂದೆ ಮೊಪೆಡ್ ಇದ್ದಾಗಿನ ಅಭ್ಯಾಸದಂತೆ, ಪೆಟ್ರೋಲಿಗೂ ಪ್ರತಿ ಸಲ ಎಣ್ಣೆ ಬೆರೆಸಿದ್ದಾರೆ. “ಗಟ್ಟಿ ಎಣ್ಣೆ ಕಣಮ್ಮ, ಇಂಜಿನ್ನಿಗೆ ತಂಪು,” ಅಂದರು. ನಿನ್ನ ಗಾಡಿಯನ್ನು ಮುದ್ದು ಮಾಡಿಯೇ ಕೆಡಿಸುತ್ತಿದ್ದರು, ಪಾಪ.

ಮಗುವನ್ನು ಮಡಿಲಲ್ಲಿಟ್ಟುಕೊಂಡು ಫೋನಿನಲ್ಲಿ ಓದುತ್ತಾ ಹೋದೆ. ನಿನಗೆ ಇದೆಲ್ಲ ಗೊತ್ತಿರಬಹುದು, ನನಗೆ ಹೊಸದು. ಭಾವನ ಗಾಡಿಯಲ್ಲಿ ಎಣ್ಣೆ ಇಂಜಿನ್ನಿನೊಳಗೇ ಸುತ್ತುತ್ತಿರುತ್ತದೆ, ಹಳತಾದ ಮೇಲೆ ತೆಗೆದು ಬೇರೆ ಹಾಕುತ್ತಾರೆ. ನಿನ್ನದು ಟೂ ಸ್ಟ್ರೋಕ್, ಅದರಲ್ಲಿ ಎಣ್ಣೆ ಪೆಟ್ರೋಲಿನ ಜೊತೆ ಒಳಗೆ ಹೋಗಿ, ಪಿಸ್ಟನ್ ಸವೆಯದಂತೆ ಕಾಪಾಡಿ, ಅಲ್ಲೇ ಉರಿದು ಮುಗಿಯಬೇಕು. ಉರಿಯುವುದಕ್ಕೆಂದೇ ಮಾಡಿದ ಎಣ್ಣೆ! ಅಪ್ಪ ಹಾಕಿದ್ದು ಉರಿಯದೆ ಬಾಳಲಿ ಅಂತ ಮಾಡಿದ್ದು. ಉರಿದರೆ ಬೂದಿ, ಮಸಿ, ಹೊಗೆ. ಗೇರ್ ಬಾಕ್ಸಿಗೆ ಮತ್ತೆ ಬೇರೆಯದೇ ಎಣ್ಣೆ. ದೋಣಿಯ ಇಂಜಿನ್ನಿಗೂ ಟೂ ಸ್ಟ್ರೋಕ್ ಎಣ್ಣೆ ಇದೆಯಂತೆ, ಆದರೆ ಅದು ನೀರಿನಿಂದ ತಣ್ಣಗಾಗುವ ಇಂಜಿನ್ನಿಗೆ, ಗಾಳಿಗೆ ಆರುವ ನಿನ್ನ ಗಾಡಿಗೆ ಬೇಡ. ಕೋಲಾರ ಜಿಲ್ಲೆಯಲ್ಲಿ ಕೂತು ದೋಣಿಯ ಎಣ್ಣೆ ಬಗ್ಗೆ ಓದುವವಳು ನಾನೊಬ್ಬಳೇ ಇರಬೇಕು.

ಅಪ್ಪನನ್ನು ಹೊರಡಿಸಿಕೊಂಡು ಕೋಲಾರಕ್ಕೆ ಹೋದೆ. ಅಂಗಡಿಯವರು ಕೈಗೆ ಸಿಕ್ಕ ಡಬ್ಬಿ ಕೊಟ್ಟು, “ಟೂ ಸ್ಟ್ರೋಕ್ ಅಂದ್ಮೇಲೆ ಹೊಗೆ ಇದ್ದೇ ಇರುತ್ತೆ ಮೇಡಂ,” ಅಂದರು. ನಾನು ಬಿಡಲಿಲ್ಲ. ಬುಜ್ಜಿಯ ಸೋಪಿನ ಡಬ್ಬಿಯನ್ನು ಓದುವ ಹಾಗೆ ಪ್ರತಿ ಡಬ್ಬಿಯ ಹಿಂಬದಿ ಓದಿದೆ. ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ ದರ್ಜೆಗಳಿವೆ. ಎಫ್‌ಸಿಯಿಂದ ಮೇಲಕ್ಕೆ ಹೊಗೆ ಕಡಿಮೆ, ಎಫ್‌ಡಿ ಆದರೆ ಒಳಗೆ ಮಸಿಯೂ ಕಡಿಮೆ. ಎಫ್‌ಡಿಯನ್ನೇ ತಂದೆ. ಗ್ಯಾರೇಜಿನಲ್ಲಿ ಎರಡೂ ಟ್ಯಾಂಕು ಖಾಲಿ ಮಾಡಿಸಿ, ಪ್ಲಗ್ ಒರೆಸಿ, ಆಯಿಲ್ ಪೈಪಿನ ಗಾಳಿ ತೆಗೆಸಿ, ಪಕ್ಕದ ಟ್ಯಾಂಕಿಗೆ ಮಾತ್ರ ಹೊಸ ಎಣ್ಣೆ ಹಾಕಿಸಿದೆವು. ಮೊದಲ ದಿನ ಮೊದಲಿಗಿಂತ ಹೆಚ್ಚು ಹೊಗೆ ಬಂತು, ನನ್ನ ಜೀವ ಬಾಯಿಗೆ ಬಂತು. ಸೈಲೆನ್ಸರಿನಲ್ಲಿ ಕೂತಿದ್ದ ಹಳೆಯ ಎಣ್ಣೆ ಅದು. ಆಮೇಲೆ ನೋಡಬೇಕಿತ್ತು, ಅಗರಬತ್ತಿಯ ಎಳೆಯಷ್ಟು, ಬಿಸಿಯಾದ ಮೇಲೆ ಅದೂ ಇಲ್ಲ.

ಆದರೆ ನಾನು ರಿಪೇರಿ ಮಾಡಿಸಿದ್ದೇ ಎಡವಟ್ಟಾಯಿತು. ಉಮಾಶಂಕರ್ ಬಂದು ಒಂದು ಕಿಕ್ ಹೊಡೆದು, ಕಣ್ಣು ಮುಚ್ಚಿ ಶಬ್ದ ಕೇಳಿ, ಈಗಲೇ ತೆಗೆದುಕೊಂಡು ಹೋಗುತ್ತೇನೆ ಅಂತ ಕೂತರು. ಅಪ್ಪ ಎದ್ದು, “ಗಾಡಿ ನನ್ದಲ್ಲಪ್ಪ, ಹುಡುಗ ಬರ್ಲಿ,” ಅಂದರು. ಅಮ್ಮ ಸುಮ್ಮನಿರುತ್ತಾಳಾ? “ಹೊಗೆ ಕಾಣ್ದಿದ್ರೆ ಆಯ್ತಾ? ಮಗು ಇನ್ನೂ ಕೆಮ್ತಾ ಐತಲ್ಲ,” ಅಂದಳು. ಅದು ನಿಜ, ಕೆಮ್ಮು ಹಾಗೇ ಇದೆ. ಸಂಕ್ರಾಂತಿಯೊಳಗೆ ಕೆಮ್ಮು ಹೋಗದಿದ್ದರೆ ಗಾಡಿ ಹೋಗಬೇಕು, ಇದು ಅಮ್ಮನ ತೀರ್ಮಾನ.

ಇಷ್ಟನ್ನೂ ಅಮ್ಮ ಪಕ್ಕದಲ್ಲಿ ಕೂತು ಓದಿಸಿಕೊಂಡಳು. ತಾನು ಅಷ್ಟೆಲ್ಲ ಮಾತಾಡಿಲ್ಲವಂತೆ. ಹೊಟ್ಟೆ ತುಂಬ ಉಣ್ಣಬೇಕಂತೆ, ಚಳಿಗೆ ಕಿವಿ ಮುಚ್ಚಿಕೊಳ್ಳಬೇಕಂತೆ. ಅಪ್ಪ ಅಮ್ಮನ ಆಶೀರ್ವಾದ ಸದಾ ನಿನ್ನ ಮೇಲಿದೆ. ಬುಜ್ಜಿ ಕಳಿಸಿದ ಒದೆಗಳನ್ನೂ ಸ್ವೀಕರಿಸು.

ನಿನ್ನ ಅಕ್ಕ,
ಶ್ರೀವಾಣಿ

ಮರೆತಿದ್ದಲ್ಲ, ಬೇಕೆಂದೇ ಉಳಿಸಿಕೊಂಡಿದ್ದು: ಅಮ್ಮ ಕೊಟ್ಟಿಗೆಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಭಾನುವಾರ ನಿನ್ನ ಭಾವ ಬಂದಿದ್ದರು, ಅಪ್ಪ ಅವರ ಗಾಡಿಯಲ್ಲಿ ಡೇರಿಗೆ ಹೋದರು, ನಿನ್ನದನ್ನು ಸ್ಟಾರ್ಟೇ ಮಾಡಲಿಲ್ಲ. ಆದರೂ ನೀರು ಹಾಕಿದ ಕೂಡಲೇ ಬುಜ್ಜಿ ಕೆಮ್ಮಿದಳು. ಅಮ್ಮ ದಿನಾ ಮಗುವಿಗೆ ನೀರು ಹಾಕಿದ ಮೇಲೆ ಮೂಗಿನ ಎರಡೂ ಹೊಳ್ಳೆಗೆ ಹರಳೆಣ್ಣೆ ಬಿಡುತ್ತಾಳೆ ಕಣೋ. ಡಾಕ್ಟರಿಗೆ ಹೇಳಿದೆ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಈಗಲೇ ನಿಲ್ಲಿಸಿದರೆ ವಾಸಿಯಾಗುತ್ತದೆ, ಮುಂದುವರಿಸಿದರೆ ನ್ಯುಮೋನಿಯಾ ಆಗಬಹುದು ಅಂದರು. ಅಮ್ಮನಿಗೆ ಹೇಳಿದ್ದಕ್ಕೆ, “ನಿಮ್ಮಿಬ್ರಿಗೂ ಬಿಟ್ಟೇ ಬೆಳ್ಸಿದ್ದು. ನನ್ ಕೈ ವಿಷಾನಾ?” ಅಂದು ಊಟ ಬಿಟ್ಟು ಮಲಗಿದಳು. ಮತ್ತೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ನಿನ್ನ ಮಾತಾದರೆ ಕೇಳುತ್ತಾಳೆ, ನೀನೇ ಬರಿ. ಸದ್ಯಕ್ಕೆ ಹರಳೆಣ್ಣೆ ಸೀಸೆಯನ್ನು ನಿನ್ನ ಗಾಡಿಯ ಟೂಲ್ ಬಾಕ್ಸಿನಲ್ಲಿ ಬಚ್ಚಿಟ್ಟಿದ್ದೇನೆ, ಆ ಗಾಡಿಯನ್ನು ಅವಳು ಮುಟ್ಟುವುದಿಲ್ಲವಲ್ಲ. ಮನೆಯೆಲ್ಲ ಹುಡುಕಿದಳು. ಅಂಗಡಿಯ ಎಣ್ಣೆ ಮಗುವಿಗೆ ಬೇಡವಂತೆ, ಅಮಾವಾಸ್ಯೆ ಕಳೆದ ಮೇಲೆ ಗಾಣದಿಂದ ತರಿಸುತ್ತಾಳಂತೆ. ಅಷ್ಟರೊಳಗೆ ನಿನ್ನ ಕಾಗದ ಬರಲಿ.