ಏಣಿ, ಏಣಿ, ಛತ್ರಿ

ಜೂನ್ 8, ಸೋಮವಾರ

ಗೋದಾಮಿನ ಬೀಗ ಸರಿಯಿದೆ. ಪೆಟ್ಟಿಗೆಗಳ ಸೀಲು ಸರಿಯಿದೆ. ಫ್ಯಾನ್ ಕೆಟ್ಟಿದೆ — ಕೆಡದಿದ್ದರೂ ಹಾಕುವಂತಿಲ್ಲ, ಮತಪತ್ರಗಳು ಹಾರುತ್ತವೆ. ಶುಕ್ರವಾರ ಆಡಿಟ್. ಜನ ಮತ ಹಾಕಿದ್ದು ಕಾಗದದ ಮೇಲೆ, ಎಣಿಸಿದ್ದು ಮಿಷನ್. ಈಗ ಕೆಲವು ಪೆಟ್ಟಿಗೆ ಆರಿಸಿ ಕೈಯಲ್ಲಿ ಎಣಿಸಿ ತಾಳೆ ನೋಡಬೇಕು. ಒಂದೇ ಒಂದು ಮತ ಹೆಚ್ಚುಕಮ್ಮಿಯಾದರೂ ಇಡೀ ಊರಿನ ಮತ ಕೈಯಲ್ಲೇ ಎಣಿಸಬೇಕು. ನಿಯಮ.

ಗೆದ್ದದ್ದು ಏಣಿ ಗುರುತು. ಕೂದಲೆಳೆಯಲ್ಲಿ ಸೋತದ್ದು ಛತ್ರಿ. ಛತ್ರಿಯವರು ಗೇಟಿನಾಚೆ ಕೂಗುತ್ತಿದ್ದಾರೆ, ಮುಂದಿನ ಸಾಲಿನಲ್ಲಿ ಅಕ್ಕ. ನನ್ನನ್ನು ಕಂಡು ಬಾಯಿ ಮುಚ್ಚಿದಳು. ನಾನು ದಾಟಿದ ಮೇಲೆ ಮತ್ತೆ ಶುರು. ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದಾಳೆ.

ಜೂನ್ 9

ಅಕ್ಕನದು ಎದುರು ಮನೆ. ಫಲಿತಾಂಶ ಬಂದಂದಿನಿಂದ ಸಂಜೆ ಕಾಫಿಗೆ ಬಂದಿಲ್ಲ. ಅಮ್ಮ ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿರುತ್ತಾಳೆ. "ಓಟಿನ ವಿಷ್ಯಕ್ಕೆ ಒಡಹುಟ್ಟಿದವರನ್ನ ಬಿಡ್ತಾರಾ? ನೀನೇ ಹೋಗಿ ಮಾತಾಡ್ಸೇ."

ಹೋದೆ. ಬಾಗಿಲಲ್ಲೇ ನಿಲ್ಲಿಸಿದಳು.

"ನೀನು ಕದ್ದೆ ಅಂತ ಹೇಳ್ತಿಲ್ಲ ಕಣೇ. ನಿಮ್ಮ ಮಿಷನ್ ಕದ್ದಿದೆ. ನೀನು ಅದಕ್ಕೆ ಕಾವಲು ಕೂತಿದ್ದೀಯ, ಅಷ್ಟೆ."

"ಶುಕ್ರವಾರ ನೀನೇ ಬಂದು ನೋಡು."

"ಬರ್ತೀನಿ. ಆದ್ರೆ ಎಲ್ಲಾ ಮತ ಕೈಯಲ್ಲಿ ಎಣಿಸೋ ತನಕ ನಿಮ್ಮನೆ ಕಾಫಿ ನಂಗೆ ಬೇಡ."

ಸಿಟ್ಟು ಬಂತು. ಅಳುವೂ ಬಂತು. ಅಕ್ಕನಿಗೆ ನೆಗಡಿ ಎಂದು ಅಮ್ಮನಿಗೆ ಸುಳ್ಳು ಹೇಳಿದೆ.

ಜೂನ್ 11

ಛತ್ರಿಯವರ ಏಜೆಂಟ್ ಆಗಿ ಅಕ್ಕನ ಹೆಸರು ಬಂದಿದೆ. ಅವಳು ನನ್ನ ಸ್ವಂತ ಅಕ್ಕ ಎಂದು ಚುನಾವಣಾ ಸಾಹೇಬರಿಗೆ ಬರೆದುಕೊಟ್ಟೆ, ನನ್ನನ್ನು ಬೇರೆ ಕೆಲಸಕ್ಕೆ ಹಾಕಿ ಎಂದೆ. ಎರಡೂ ಕಡೆಯವರನ್ನು ಕೇಳಿ ಬಂದರು.

"ಯಾರದ್ದೂ ತಕರಾರಿಲ್ಲಮ್ಮ. ಏಣಿಯವರಂತೂ ನಕ್ಕುಬಿಟ್ರು. ಆಯಮ್ಮ ತಂಗಿನ ಸುಮ್ನೆ ಬಿಡ್ತಾಳಾ ಅಂದ್ರು."

ಜೂನ್ 12, ಶುಕ್ರವಾರ — ಸಂಜೆ

ಪೆಟ್ಟಿಗೆ ಆರಿಸಲು ದಾಳ ಹಾಕಿದ್ದು ಅಕ್ಕ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಕಚ್ಚಿ ನೋಡುವುದೊಂದು ಬಾಕಿ.

ಓದುವವಳು ನಾನು. ಒಂದೊಂದೇ ಪತ್ರ ಎತ್ತಿ ಹಿಡಿದು ಗುರುತು ಕೂಗಬೇಕು. ಪಕ್ಕದಲ್ಲಿ ಗುಮಾಸ್ತರು ಪತ್ರ ನೋಡಿ "ಹ್ಞೂಂ" ಎನ್ನಬೇಕು. ಎದುರಿಗೆ ಇಬ್ಬರು ಗೀಟು ಎಳೆಯಬೇಕು. ಊಟವಾದ ಮೇಲೆ ಕೊನೆಯ ಪೆಟ್ಟಿಗೆ, ಏಣಿಯವರೇ ತುಂಬಿರುವ ಬೀದಿಯದು. ಏಣಿ. ಏಣಿ. ಏಣಿ... ಬಾಯಿಗೆ ಲಯ ಹತ್ತಿಬಿಟ್ಟಿತು. ಕಣ್ಣು ನೋಡುವ ಮೊದಲೇ ನಾಲಿಗೆ ಹೇಳಿ ಮುಗಿಸುತ್ತಿತ್ತು. ಗುಮಾಸ್ತರ "ಹ್ಞೂಂ" ಕೂಡ ಅದೇ ತಾಳಕ್ಕೆ ಬೀಳುತ್ತಿತ್ತು.

"ನಿಲ್ಸು!" ಅಕ್ಕ ಎದ್ದು ನಿಂತಿದ್ದಳು. "ಛತ್ರಿ ಕಣೇ ಅದು! ಕಣ್ಣು ಎಲ್ಲಿಟ್ಟಿದ್ದೀಯ?"

ನೋಡಿದೆ. ಛತ್ರಿಯೇ. ಗೀಟು ತಿದ್ದಿದರು, ಎಲ್ಲರೂ ಸಹಿ ಹಾಕಿದರು. ಆ ಪೆಟ್ಟಿಗೆ ಮೊದಲಿಂದ ಓದಿದೆ. ಮುಖಕ್ಕೆ ಬೆಂಕಿ ಇಟ್ಟ ಹಾಗಿತ್ತು.

ಕೂಡಿಸಿದರು. ಮಿಷನ್ ಲೆಕ್ಕ, ಕೈ ಲೆಕ್ಕ ಎಲ್ಲ ಪೆಟ್ಟಿಗೆಯಲ್ಲೂ ಒಂದೇ. ಅಕ್ಕ ಲೆಕ್ಕದ ಹಾಳೆ ಎಳೆದುಕೊಂಡು ತಾನೂ ಒಮ್ಮೆ ಕೂಡಿಸಿ ನೋಡಿದಳು.

"ನಾನು ಬಾಯಿ ಬಿಡದೇ ಇದ್ದಿದ್ರೆ?"

"ಒಂದು ಮತ ತಾಳೆ ಆಗ್ತಿರಲಿಲ್ಲ."

"ಆಗ ಎಲ್ಲಾನೂ ಕೈಯಲ್ಲಿ ಎಣಿಸ್ತಿದ್ರಿ."

"ಹೂಂ."

"ಅಯ್ಯೋ ನನ್ನ ಬುದ್ಧಿಗಿಷ್ಟು..." ಎಂದವಳು, ಪೆನ್ನು ಕೇಳಿದಳು. "ಯಾರೋ ಪಾಪ ನಮಗೆ ಹಾಕಿದ ಮತ. ನೋಡ್ಕೊಂಡು ಹೆಂಗೆ ಸುಮ್ನಿರ್ಲಿ?" ಆಡಿಟ್ ಸರಿಯಿದೆ ಎಂದು ಸಹಿ ಹಾಕಿದಳು.

ಜೂನ್ 13

ಆಫೀಸಿನ ಕಿಟಕಿಯಿಂದ ನೋಡಿದ್ದು. ಅಕ್ಕ ಗೇಟಿನ ಮುಂದೆ ತನ್ನವರಿಗೆ ಹೇಳುತ್ತಿದ್ದಳು: "ನಾನೇ ಕಣ್ಣಾರೆ ನೋಡ್ದೆ. ಲೆಕ್ಕ ಸರಿಯಿದೆ. ಸೋತಿದ್ದೀವಿ, ಮನೆಗೆ ನಡೀರಿ."

"ತಂಗಿ ಒಳಗಿದ್ದಾಳಲ್ಲ, ಇನ್ನೇನು ಹೇಳ್ತಾಳೆ!" ಎಂದ ಒಬ್ಬ.

"ತಂಗಿ ತಪ್ಪು ಹಿಡಿದೋಳೂ ನಾನೇ ಕಣಯ್ಯಾ!"

"ಹಂಗಾದ್ರೆ ತಪ್ಪು ಇತ್ತು ಅಂತಾಯ್ತು!"

ಕೂಗು ಜೋರಾಯಿತು. ಅವಳನ್ನು ಬದಿಗೆ ಬಿಟ್ಟು ಗೇಟಿನತ್ತ ನುಗ್ಗಿದರು. ಅಕ್ಕ ಚಪ್ಪಲಿ ಸರಿಮಾಡಿಕೊಂಡು ಒಬ್ಬಳೇ ಹೊರಟಳು. ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಇಳಿದು ಹೋಗಿದ್ದರೆ ಅವಳಿಗೇ ಇನ್ನಷ್ಟು ಕೆಡುಕು. ಹಾಗಂತ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ.

ಜೂನ್ 16

ಸಾಹೇಬರು ವರದಿ ಕಳಿಸಿದರು. 'ಆಡಿಟ್‌ನಿಂದ ಸಾರ್ವಜನಿಕರಲ್ಲಿ ವಿಶ್ವಾಸ ಮೂಡಿದೆ.' ನನಗೆ ಗೊತ್ತಿರುವಂತೆ ಒಬ್ಬರಲ್ಲಿ ಮೂಡಿದೆ. ಆ ಒಬ್ಬರನ್ನು ಈಗ ಬೇರೆ ಯಾರೂ ನಂಬುತ್ತಿಲ್ಲ.

ಎದುರು ಮನೆ ದೀಪ ಹತ್ತಿದೆ. ಅಮ್ಮ ಕುರ್ಚಿಯಿಂದ ಎದ್ದಳು — "ಏಯ್, ಬರ್ತಿದ್ದಾಳೆ, ಕಾಫಿಗೆ ನೀರಿಡು!"

ಇಡಬೇಕು. ಆಗಲೇ ಅಡುಗೆಮನೆಯಲ್ಲಿ ಅಕ್ಕನ ದನಿ. "ಅಮ್ಮಾ, ಸಕ್ಕರೆ ನೀನೇ ಹಾಕು. ಅವಳ ಕೈಗೆ ಕೊಟ್ರೆ ಉಪ್ಪಿಗೂ ಸಕ್ಕರೆ ಅಂತಾಳೆ." ಅಮ್ಮ ನಕ್ಕಳು. ಅಕ್ಕನೂ ನಗುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ಅದು ನಗು ಅಲ್ಲ, ಅಕ್ಕ ಅಳುತ್ತಿದ್ದಾಳೆ —