ಗುಂಡಿಗೆ ಅಂಜದ ಗುಂಡಿಗೆ

ಏಪ್ರಿಲ್ ೪, ಬೆಳಿಗ್ಗೆ

ಮಂಡಿಗೆ ಪಟ್ಟಿ ಬಿಗಿದಾಯಿತು. ಎಡಗಾಲಿನ ಶೂ ಮೊದಲು, ಬಲಗಾಲಿನದು ಆಮೇಲೆ. ಉಲ್ಟಾ ಆದರೆ ದಿನವಿಡೀ ಏನೋ ಮರೆತು ಬಂದ ಹಾಗೆ. ಸೇನೆ ಬಿಟ್ಟು ಇಷ್ಟು ಕಾಲವಾದರೂ ಪಾಲಿಶ್ ನಾನೇ ಮಾಡಿಕೊಳ್ಳಬೇಕು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಸಂಸತ್ತಿಗೆ ಹೋದ್ಮೇಲೂ ಹೀಗೇ ಬ್ರಷ್ ಹಿಡ್ಕೊಂಡು ಕೂತಿರ್ತೀಯೇನೇ?"

ಹೋದ್ಮೇಲೆ! ಅವಳಿಗೆ ಅದು ಎಷ್ಟು ಸಲೀಸು. ನನಗೆ ಬೆಳಗಾದರೆ ಒಂದೇ ಪ್ರಶ್ನೆ. ಚುನಾವಣೆಗೆ ನಿಂತದ್ದೇ ತಪ್ಪಾಯಿತೆ? ಇರಲಿ. ನಿಂತಾಯಿತಲ್ಲ.

ಹೊಸ ಪೋಸ್ಟರ್ ಫೋನಿಗೆ ಬಂತು. ಕಳಿಸಿದ್ದು ಪ್ರಚಾರ ನೋಡಿಕೊಳ್ಳುವ ಮೈಕಣ್ಣ. (ಪಿಸುಗುಟ್ಟಿದರೂ ಪಕ್ಕದ ಬೀದಿಗೆ ಕೇಳುತ್ತದೆ. ಹೆಸರಿಟ್ಟದ್ದು ಅಮ್ಮ.) ನನ್ನ ಫೋಟೊ. ಕೆಳಗೆ ದಪ್ಪಕ್ಷರ: ಗುಂಡಿಗೆ ಅಂಜದ ಗುಂಡಿಗೆ!

ನನ್ನ ಕನ್ನಡ ಓದು ಆಮೆ ನಡಿಗೆ. ಇಂಗ್ಲಿಷ್ ಮೀಡಿಯಂ ದಯೆ. ಎರಡು ಸಲ ಓದಿದೆ. ಗುಂಡಿಗೆ ಹೆದರದ ಎದೆ. ಚೆನ್ನಾಗಿದೆ. ನಮ್ಮ ಟ್ರಕ್ಕು ಗುಂಡಿಗೆ ಬಿದ್ದು ತಾನೆ ಈ ಕಾಲು ಹೀಗಾದದ್ದು. ಹೆಬ್ಬೆರಳಿನ ಗುರುತು ಒತ್ತಿ ಕಳಿಸಿದೆ. ಓಕೆ.

ಏಪ್ರಿಲ್ ೬, ಮಧ್ಯಾಹ್ನ

ಮಾರ್ಕೆಟ್ಟಿನಲ್ಲಿ ಕೈಮುಗಿಯುತ್ತ ನಡೆದೆ. ಬಿಸಿಲು. ಕಾಲು ಎಳೆಯುತ್ತಿತ್ತು. ಬೀಗ ರಿಪೇರಿ ಮಾಡುವ ತಾತ ಸ್ಟೂಲು ಬಿಟ್ಟು ಎದ್ದು ಬಂದರು. ಕಣ್ಣು ನನ್ನ ಮಂಡಿಯ ಮೇಲೆ.

"ಇನ್ನೂ ಒಳಗೇ ಇದ್ಯೇನಮ್ಮಾ?"

"ಏನು ತಾತ?"

"ಗುಂಡು."

"ಅಯ್ಯೋ, ಗುಂಡು ಇಲ್ಲ ತಾತ."

"ತೆಗೆಸ್ಬಿಟ್ರಾ? ಒಳ್ಳೇದಾಯ್ತು ಬಿಡಿ. ಒಳಗೇ ಇದ್ರೆ ಚಳೀಲಿ ಜುಮ್ ಅನ್ನುತ್ತೆ."

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾನು ನಕ್ಕೆ. ಯಾಕೆ ನಕ್ಕೆ?

ಕಾರಿನಲ್ಲಿ ಕೂತು ಪೋಸ್ಟರನ್ನು ಮತ್ತೆ ಓದಿದೆ. ಗುಂಡಿ, ಗುಂಡಿಗೆ. ಗುಂಡು... ಅದೂ ಗುಂಡಿಗೆ! ನಾನು ರಸ್ತೆಯ ಹಳ್ಳ ಅಂದುಕೊಂಡೆ. ಊರೆಲ್ಲ ಬಂದೂಕಿನ ಗುಂಡು ಅಂದುಕೊಂಡಿದೆ. ಎ.ಸಿ. ಇದ್ದೂ ಬೆನ್ನು ಬೆವರಿತು.

ಸಂಜೆ

ಮೈಕಣ್ಣನನ್ನು ಕೂರಿಸಿಕೊಂಡು ಕೇಳಿದೆ.

"ನಾನು ಹೇಳಿದ್ದು ಗುಂಡಿ."

"ಯಾವ್ ಗುಂಡಿ ಮೇಡಂ?"

"ರಸ್ತೆ ಗುಂಡಿ!"

ಫೋನಿನಲ್ಲಿ ಪೋಸ್ಟರ್ ತೆರೆದು ನೋಡಿದ. "ಫೋನಲ್ಲಿ ನೀವೇ ಅಂದ್ರಲ್ಲ ಮೇಡಂ, ಯುದ್ಧದ ಟೈಮಲ್ಲಿ ಗುಂಡಿಗೆ ಸಿಕ್ಕಿ ಕಾಲು ಹೀಗಾಯ್ತು ಅಂತ."

ಅಂದಿದ್ದೆ. ಅದೇ ಮಾತು.

"ಬದಲಾಯಿಸು."

"ರಸ್ತೆ ಗುಂಡಿಗೆ ಬಿದ್ದೋರೆಲ್ಲ ಎಲೆಕ್ಷನ್‌ಗೆ ನಿಂತ್ರೆ ವೋಟ್ ಹಾಕೋಕೆ ಜನಾನೇ ಉಳಿಯಲ್ಲ ಮೇಡಂ. ಪೋಸ್ಟರಲ್ಲಿ ಒಂದಕ್ಷರ ಸುಳ್ಳಿದ್ಯಾ, ನೀವೇ ಹೇಳಿ. ಗುಂಡಿನೂ ಹೌದು, ಗುಂಡೂ ಹೌದು. ಓದೋರ ಭಾಗ್ಯ. ಕೊನೆಗೆ ಅವ್ರು ಒತ್ತೋದೂ ಗುಂಡಿನೇ."

ನಗು ಬಂತು. ಅದೇ ಅಪಾಯ. "ಯೋಚನೆ ಮಾಡ್ತೀನಿ" ಎಂದೆ. ಸೇನೆಯಲ್ಲಿ ಹೀಗೆ ಹೇಳುವ ಅಧಿಕಾರಿಗಳನ್ನು ನಾನು ನಂಬುತ್ತಿರಲಿಲ್ಲ.

ಏಪ್ರಿಲ್ ೭

ಇಲ್ಲಿಯಾದರೂ ನೇರ ಬರೆದುಕೊಳ್ಳಬೇಕು.

ಯುದ್ಧ ನಡೆಯುತ್ತಿತ್ತು, ನಿಜ. ಗಡಿಯಿಂದ ಬಹಳ ಹಿಂದೆ ಇದ್ದೆವು. ನಾನು ಸರಬರಾಜು ವಿಭಾಗದ ಕ್ಯಾಪ್ಟನ್. ಹಿಟ್ಟು, ಡೀಸೆಲ್, ಕಂಬಳಿ. ಪೈಪು ಹಾಕಲು ತೋಡಿ ಮುಚ್ಚದೆ ಬಿಟ್ಟ ಗುಂಡಿ. ನೀರು ತುಂಬಿ ರಸ್ತೆಯಂತೆಯೇ ಕಾಣುತ್ತಿತ್ತು. ಡ್ರೈವರ್ ಅಲ್ಲೇ ತೀರಿಕೊಂಡರು. ಪಕ್ಕದ ಸೀಟಿನಲ್ಲಿದ್ದ ನಾನು ಉಳಿದೆ.

ಗುಂಡು ತಗಲಿ ಹೋದವರ ಮನೆಗೆ ಬ್ಯಾಂಡು, ಧ್ವಜ, ಪೂರ್ತಿ ಪಿಂಚಣಿ. ಇವರ ಮನೆಗೆ ಒಂದು ವ್ಯಾನು, ಒಂದು ಪದ: ಅಪಘಾತ. ಅವರ ಹೆಂಡತಿಯನ್ನು ನೋಡಲು ಹೋದವಳು ಮತ್ತೆ ಮತ್ತೆ ಹೋದೆ. ಆಕೆಯನ್ನು ಅಕ್ಕ ಎನ್ನತೊಡಗಿದೆ. ಅವರ ಅಡುಗೆಮನೆಯಲ್ಲೇ ಸಂಸ್ಥೆ ಶುರುವಾದದ್ದು. ಹೆಸರು 'ಪಕ್ಕದ ಸೀಟು'. ಟ್ಯಾಂಕು ಮಗುಚಿ, ಕರೆಂಟು ಹೊಡೆದು, ತರಬೇತಿಯಲ್ಲಿ ನೀರಿಗೆ ಬಿದ್ದು ಹೋದವರ ಮನೆಯವರೆಲ್ಲ ನಮ್ಮವರು. ಚುನಾವಣೆಗೆ ನಿಂತದ್ದೂ ಇದಕ್ಕೇ. ಕೆಲಸದ ಮೇಲೆ ಸತ್ತರೆ ಅದು ಕೆಲಸದ ಮೇಲಿನ ಸಾವು, ಗುಂಡಾದರೂ ಸರಿ ಗುಂಡಿಯಾದರೂ ಸರಿ. ಕಾನೂನಿನಲ್ಲಿ ಆ ಒಂದು ಮಾತು ಬರಬೇಕು.

ಗುಂಡಿಯ ಪರ ನಿಂತವಳು ಗುಂಡಿನ ಹೆಸರಲ್ಲಿ ವೋಟು ಕೇಳುತ್ತಿದ್ದೇನೆ.

ಸುಳ್ಳು ಹೇಳಿಲ್ಲ. ತಿದ್ದಿಲ್ಲ, ಅಷ್ಟೆ. —ಈ 'ಅಷ್ಟೆ' ಎಷ್ಟು ದೊಡ್ಡದು?

ಏಪ್ರಿಲ್ ೮

ಅಕ್ಕ ಆಫೀಸಿಗೆ ಬಂದರು. ಗೋಡೆಯ ಪೋಸ್ಟರಿನ ಮುಂದೆ ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಬೈಯಲಿ ಎಂದು ಕಾದೆ.

"ನಮ್ಮನೆಯವ್ರು ಗುಂಡಿ ಕಂಡ್ರೆ ಹೆದರಿ ಜೀವ ಬಿಡೋರು ಕ್ಯಾಪ್ಟನಮ್ಮ. ನನ್ನ ತವರಿಗೆ ಹೋಗೋ ದಾರೀಲಿ ಒಂದೊಂದಕ್ಕೂ ಒಂದೊಂದು ಹೆಸರಿಟ್ಟಿದ್ರು. ಎಲ್ಲಕ್ಕಿಂತ ದೊಡ್ಡದಕ್ಕೆ ನಮ್ಮಮ್ಮನ ಹೆಸರು."

ಇಬ್ಬರೂ ನಕ್ಕೆವು. ನಗು ಮುಗಿಯಿತು.

"ಅಕ್ಕ, ಜನ ಅದನ್ನ ಗುಂಡು ಅಂತ ಓದ್ತಿದಾರೆ."

"ಗೊತ್ತು. ನಾನೂ ಹಾಗೇ ಓದ್ದೆ." ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಇರ್ಲಿ ಬಿಡಿ. ಗೆದ್ದು ಬನ್ನಿ ಮೊದ್ಲು. ಸೋತೋರ ಸತ್ಯ ಯಾರಿಗ್ ಬೇಕು."

ಬೈದಿದ್ದರೆ ಇವತ್ತೇ ಪೋಸ್ಟರ್ ಕಿತ್ತು ಹಾಕುತ್ತಿದ್ದೆ. ಒಪ್ಪಿಗೆ ಕೊಟ್ಟುಬಿಟ್ಟರು. ಬಾಯಲ್ಲಿ ಬಿಸಿತುಪ್ಪ.

ಏಪ್ರಿಲ್ ೧೫

ಬರೆಯಲು ಮನಸ್ಸಾಗಲಿಲ್ಲ ಇಷ್ಟು ದಿನ. ಏನು ಬರೆಯಬೇಕಾಗುತ್ತದೆಂದು ಗೊತ್ತಿತ್ತು.

ಇವತ್ತು ಸಭೆಯಲ್ಲಿ ನಿವೃತ್ತ ಹೆಡ್‌ಮಾಸ್ಟರರು ನನ್ನನ್ನು ಪರಿಚಯಿಸಿದರು. "ಮೂರು ಗುಂಡುಗಳನ್ನು ದೇಹದಲ್ಲಿ ಹೊತ್ತು..." ಒಂದು ಇದ್ದದ್ದು ಮರಿ ಹಾಕಿದೆ. ಮೈಕು ನನ್ನ ಕೈಗೆ ಬಂತು. ತಿದ್ದಬಹುದಿತ್ತು. ಬಾಯಿ ತೆರೆದೆ. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು... ಕುಡಿಯುವ ನೀರಿನ ಬಗ್ಗೆ ಮಾತಾಡಿ ಇಳಿದೆ.

ಸಮೀಕ್ಷೆ ಬಂದಿದೆ. ಹಾಲಿ ಸದಸ್ಯರಿಗಿಂತ ಸ್ವಲ್ಪ ಮುಂದಿದ್ದೇನಂತೆ. ಮೈಕಣ್ಣ ಆಫೀಸಿನಲ್ಲಿ ಕುಣಿದ. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದೆ. ಮತ್ತೆ ತೊಳೆದೆ.

ಭಯ ಯಾವುದರದು? ಸಿಕ್ಕಿಬೀಳುವುದರದೋ, ಸಿಕ್ಕಿಬೀಳದೇ ಗೆಲ್ಲುವುದರದೋ?

ಏಪ್ರಿಲ್ ೧೮, ಬೆಳಿಗ್ಗೆ

ಫೋನು. ನಮ್ಮ ಸಂಸ್ಥೆಯ ಹೆಣ್ಣುಮಗಳು. ಗಂಡ ಶಿಬಿರದಲ್ಲಿ ನೀರಿನ ಟ್ಯಾಂಕು ಕುಸಿದು ಹೋದವನು. ಎರಡು ವರ್ಷದಿಂದ ಅರ್ಜಿ ಓಡಾಡುತ್ತಿದೆ. ಅರ್ಜಿಯ ವಿಷಯ ಇರಬೇಕೆಂದುಕೊಂಡೆ.

"ಅಭಿನಂದನೆ ಹೇಳೋಕೆ ಮಾಡ್ದೆ ಮೇಡಂ. ಪೇಪರಲ್ಲಿ ಓದ್ದೆ. ನಿಮಗೆ ಗುಂಡು ತಗಲಿತ್ತು ಅಂತ ಗೊತ್ತೇ ಇರ್ಲಿಲ್ಲ."

ಮೇಜಿನ ಮೇಲಿದ್ದ ಪೇಪರನ್ನು ಮಗುಚಿ ಇಟ್ಟೆ.

"ನಾವು ನಿಮ್ಮನ್ನೂ ನಮ್ಮ ಥರಾನೇ ಅಂದ್ಕೊಂಡ್ಬಿಟ್ಟಿದ್ವಿ. ತಪ್ಪು ತಿಳ್ಕೋಬೇಡಿ. ಏನೇನೋ ಸಲಿಗೇಲಿ ಮಾತಾಡಿರ್ತೀವಿ."

ಕ್ಷಮೆ ಕೇಳುತ್ತಿದ್ದಳು. ನನ್ನ ಹತ್ತಿರ! ಏನೋ ಹೇಳಲು ಹೋದೆ. "ಇರ್ಲಿ, ನಿಮಗೆ ಕೆಲ್ಸ ಇರುತ್ತೆ" ಎಂದು ಇಟ್ಟೇಬಿಟ್ಟಳು. ಯಾವಾಗಲೂ ಫೋನು ಇಡಲು ಒಪ್ಪದ ಹುಡುಗಿ.

ಮಧ್ಯಾಹ್ನ

ಅಮ್ಮನಿಗೆ ಎಲ್ಲ ಹೇಳಿದೆ. ಜೀವಮಾನವೆಲ್ಲ ಕನ್ನಡ ಪಾಠ ಮಾಡಿದವಳು. ಮಗಳನ್ನು ಮಾತ್ರ ಇಂಗ್ಲಿಷ್ ಮೀಡಿಯಂಗೆ ಹಾಕಿದಳು. ಕಣ್ಣು ಮುಚ್ಚಿ ಕೇಳಿದಳು. ನಿದ್ದೆ ಹೋದಳೇನೋ ಅಂದುಕೊಂಡೆ.

"ವಿಭಕ್ತಿ ಗೊತ್ತಿಲ್ದೇ ಇಷ್ಟೊಂದು ಭಕ್ತಿ ಸಂಪಾದಿಸಿದೀಯಲ್ಲೇ."

"ತಮಾಷೆ ಬೇಡಮ್ಮ."

"ತಮಾಷೆ ಅಲ್ಲ ಕಣೇ. 'ಗುಂಡಿಗೆ' ಅನ್ನೋದು ಚತುರ್ಥಿ ವಿಭಕ್ತಿ. ಅಲ್ಲಿ ಇಬ್ಬರೂ ಅವಿತ್ಕೋಬಹುದು, ಗುಂಡೂ ಗುಂಡಿನೂ. ಈಚೆಗೆ ಬಾ, ಸಪ್ತಮಿಗೆ. ಹೇಳು ನೋಡೋಣ."

ಚಿಕ್ಕ ಹುಡುಗಿಯಂತೆ ಹೇಳಿದೆ. "ಗುಂಡಿಯಲ್ಲಿ."

"ಇನ್ನೊಂದು?"

"ಗುಂಡಿನಲ್ಲಿ."

"ಈಗ ಬೇರೆಬೇರೆ ಆಯ್ತಲ್ಲ. ಇನ್ನು ಅವಿತ್ಕೊಂಡ್ರೆ ಅದು ವ್ಯಾಕರಣದ ತಪ್ಪಲ್ಲ."

ಎದ್ದು ಟೀ ಇಡಲು ಹೋದಳು. ಅಡುಗೆಮನೆಯಿಂದಲೇ ಕೂಗಿದಳು: "ಸಕ್ಕರೆ ಹಾಕ್ಲಾ, ಇಲ್ಲಾ ಅದಕ್ಕೂ ಯೋಚ್ನೆ ಮಾಡ್ತೀಯಾ?"

ಏಪ್ರಿಲ್ ೧೯

ಅಕ್ಕನಿಗೆ ಫೋನು ಮಾಡಿದೆ. ನಾಳೆ ಕೊನೆಯ ಸಭೆ, ವೇದಿಕೆಗೆ ಬರುತ್ತೀರಾ ಎಂದೆ. "ನಾನ್ಯಾಕೆ?" ಎಂದರು. ಹೇಳಿದೆ. ಎಲ್ಲರೆದುರು ಗುಂಡಿಯ ನಿಜ ಹೇಳಿಬಿಡುತ್ತೇನೆ ಎಂದು. ಕುಕ್ಕರ್ ಆರಿಸಿ ಬಂದರು. "ನೀಲಿ ಸೀರೆ ಇಸ್ತ್ರಿಗೆ ಹಾಕಿದೀನಿ, ಬಂದ್ರೆ ಅದನ್ನೇ ಉಡ್ತೀನಿ" ಎಂದರು.

ಮೈಕಣ್ಣನಿಗೂ ಹೇಳಿದೆ. ಕೂಗಾಡಲಿಲ್ಲ. ಅದೇ ಹೆದರಿಕೆಯಾಯಿತು. "ಗೆದ್ದ ಮಾರನೇ ದಿನ ಹೇಳಿ ಮೇಡಂ. ಕಾಲಿಗೆ ಬೀಳ್ತೀನಿ. ಬೇಕಾದ್ರೆ ಆ ಕಾಲಿಗೇ ಬೀಳ್ತೀನಿ."

ಅವನ ಮಾತಿನಲ್ಲೂ ನ್ಯಾಯವಿದೆ. ಸೋತರೆ ಆ ಟ್ಯಾಂಕಿನ ಹುಡುಗಿಯ ಅರ್ಜಿ ಇನ್ನೂ ಐದು ವರ್ಷ ಅಲೆಯುತ್ತದೆ. ಅವಳ ಹೊಟ್ಟೆಯ ಮೇಲೆ ನನ್ನ ಪ್ರಾಮಾಣಿಕತೆಯ ಷೋಕಿಯೇ? ಗೊತ್ತಿಲ್ಲ. ಆದರೆ ಗುಂಡಿನ ಹೆಸರಲ್ಲಿ ಸಂಸತ್ತಿಗೆ ಹೋದವಳು ಅಲ್ಲಿ ನಿಂತು ಗುಂಡಿಯ ಮಾತು ಯಾವ ಬಾಯಲ್ಲಿ ಆಡಲಿ?

ಏಪ್ರಿಲ್ ೨೦, ಸಂಜೆ ೫

ವೇದಿಕೆಯ ಹಿಂದೆ, ವ್ಯಾನಿನಲ್ಲಿ. ಡ್ರೈವರ್ ಟೀ ಕುಡಿಯಲು ಇಳಿದಿದ್ದಾನೆ. ನಾನು ಹಿಂದೆ. ಅಕ್ಕ ನೀಲಿ ಸೀರೆಯಲ್ಲಿ, ಮುಂದೆ, ಪಕ್ಕದ ಸೀಟಿನಲ್ಲಿ.

ಮೈದಾನ ತುಂಬಿದೆಯಂತೆ. ಬೀಗದ ತಾತನೂ ಬಂದಿದ್ದಾರಂತೆ.

"ಏನ್ ಬರೀತಿದೀರಾ ಕ್ಯಾಪ್ಟನಮ್ಮ?"

"ಮೊದಲ್ನೇ ಮಾತು. ಮಿಕ್ಕಿದ್ದು ತಾನಾಗಿ ಬರುತ್ತೆ."

"ಓದಿ."

ಓದಿದೆ. "ನನ್ನ ಕಾಲು ಮುರಿದದ್ದು ಒಂದು ಗುಂಡಿಯಲ್ಲಿ. ಆ ಟ್ರಕ್ಕು ಓಡಿಸುತ್ತಿದ್ದವರು ಗುಂಡಿಗೆ ತುಂಬಾ ಅಂಜುತ್ತಿದ್ದರು."

ಅಕ್ಕ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಅರ್ಧ ಮುಖ. ಸೆರಗು ಸರಿಮಾಡಿಕೊಂಡರು.

"ನಮ್ಮಮ್ಮನ ಹೆಸರಿನ ಗುಂಡಿ ವಿಷ್ಯ ಮಾತ್ರ ಹೇಳ್ಬೇಡಿ. ಮುಂದಿನ ಸಾಲಲ್ಲೇ ಕೂತಿದಾಳೆ."

ನಗು ಬಂದು ಕಣ್ಣು ಮಂಜಾಯಿತು.

ಹೊರಗೆ ಮೈಕಣ್ಣನ ದನಿ. ಗುಂಡಿಗೆ ಅಂಜದ— ಅಲ್ಲಿಗೇ ನಿಲ್ಲಿಸಿದ. ಮುಂದಿನದನ್ನು ನುಂಗಿಕೊಂಡ. ಬರೀ 'ಕ್ಯಾಪ್ಟನ್' ಎಂದು ಕರೆಯುತ್ತಿದ್ದಾನೆ. ಅಕ್ಕ ಆಗಲೇ ಬಾಗಿಲು ತೆಗೆದು ಕೈ ಚಾಚಿದ್ದಾರೆ. ಇಳಿಯಬೇಕು. ಎಡಗಾಲು ಮೊದಲು.